ಫೋನ್‌ನಾಗ ಕಾಣೂ ಮೆಸೇಜು ರಿಪೋರ್ಟ್‌ನಾಗ ಯಾಕಿಲ್ಲ? ಆರ್‌ಸಿಎಸ್ ಕಾಲದಾಗ ದೋಷ ಹುಡುಕೂದು ಹ್ಯಾಂಗ

ಮೊದಲ ಲಕ್ಷಣ ಹೇಳಿಬಿಡ್ತೀನಿ, ನಿಮ್ಮ ಕೇಸು ಇದ್ರಾಗ ಯಾವುದು ಅಂತ ಗುರ್ತು ಹಿಡೀರಿ. ಫೋನ್ ತಗದು ನೋಡಿದ್ರ ಮೆಸೇಜು ಕಣ್ಣಿಗೆ ಕಾಣ್ತೈತಿ, ಅದ ಫೋನಿನ ಡೇಟಾ ತಗದು ಮಾಡಿದ ರಿಪೋರ್ಟ್‌ನಾಗ ಇಲ್ಲ. ಅಥವಾ ರಿಪೋರ್ಟ್‌ನಾಗ ಐತಿ, ಆದ್ರ ತಾರೀಖು ನೋಡಿದ್ರ 1970. ಅಥವಾ ನಮ್ಮ ಕಕ್ಷಿದಾರನ ಫೋನ್‌ನಾಗ ಒಂದು ಎಣಿಕೆ, ಎದುರು ಪಾರ್ಟಿ ಫೋನ್‌ನಾಗ ಇನ್ನೊಂದು ಎಣಿಕೆ. ಅಥವಾ ಮೊಬೈಲ್ ಕಂಪನಿಯಿಂದ ಸಿಡಿಆರ್ (ಯಾವ ನಂಬರಿಗೆ ಯಾವಾಗ ಕಾಲ್, ಎಸ್ಎಂಎಸ್ ಹೋತು ಅನ್ನೋ ದಾಖಲೆ) ತರಿಸಿದ್ರ ಆ ದಿವಸ ಆ ನಂಬರಿಗೆ ಒಂದು ಎಸ್ಎಂಎಸ್ ಸುದ್ದಿನೂ ಇಲ್ಲ, ಎದುರು ವಕೀಲ್ರು ಅದನ್ನ ಹಿಡ್ಕೊಂಡು ಪಾಟಿ ಸವಾಲಿನಾಗ ಸ್ಕ್ರೀನ್‌ಶಾಟ್ ಎಲ್ಲಾ ಹುಟ್ಟಿಸಿದ್ದು ಅಂತ ಸಾಕ್ಷಿನ ಬೆವರಿಳಿಸ್ತಾರ.

ಈ ಎಲ್ಲಾ ದೋಷಕ್ಕೂ ಮಂದಿ ಕೊಡೋ ಕಾರಣ ಒಂದ, "ಡಿಲೀಟ್ ಮಾಡ್ಯಾರ ಬಿಡ್ರಿ". ಅಲ್ರಿ. ಡಿಲೀಟ್ ಅನ್ನೋದು ಕಡೀಕ ಅನುಮಾನ ಪಡಬೇಕಾದ್ದು. ಮೊದಲ ಕೇಳಬೇಕಾದ್ದು, ಈ ಮೆಸೇಜು ಯಾವ ದಾರೀಲೆ ಹೋತು ಅಂತ. ಮೊದಲ ಎಸ್ಎಂಎಸ್ ಅಂದ್ರ ಒಂದ ದಾರಿ, ಟವರಿನಿಂದ ಕಂಪನಿಗೆ, ಕಂಪನಿಯಿಂದ ಟವರಿಗೆ. ಈಗ ಅದ ಮೆಸೇಜ್ ಆ್ಯಪು, ಅದ ನಂಬರು, ಅದ ಚಾಟು, ಅದ್ರೊಳಗ ಮುಂಜಾನಿ ಕಳಿಸಿದ್ದು ಆರ್‌ಸಿಎಸ್ (ಇಂಟರ್ನೆಟ್ ಮ್ಯಾಲ ಹೋಗೋ ಹೊಸ ನಮೂನಿ ಮೆಸೇಜು), ಮಧ್ಯಾಹ್ನ ನೆಟ್ ಹೋದಾಗ ಕಳಿಸಿದ್ದು ಎಸ್ಎಂಎಸ್, ಫೋಟೋ ಹಾಕಿದ್ದು ಎಂಎಂಎಸ್ ಆಗಿರಬಹುದು, ಕಣ್ಣಿಗೆ ಮಾತ್ರ ಎಲ್ಲಾ ಒಂದರ ಕೆಳಗ ಒಂದು ಕುಂತಿರ್ತಾವ.

ಒಂದು ಉದಾಹರಣಿ ಇಟ್ಕೊಂಡು ಹೋಗೋಣು. ತಿಕೋಟಾ ಕಡೆ ಒಬ್ಬ ರೈತ, ಕೋಲ್ಡ್ ಸ್ಟೋರೇಜ್‌ನಾಗ ಇಟ್ಟಿದ್ದ ಒಣದ್ರಾಕ್ಷಿ ವಿಜಯಪುರದ ಒಂದು ದಲಾಲಿ ಅಂಗಡಿ ಮುಖಾಂತರ ಮಾರ್ಯಾನ, ಪಟ್ಟಿ ರೊಕ್ಕ ಬಂದಿಲ್ಲ. 2025ರ ಜನವರಿ 14, ಸಂಕ್ರಮಣದ ದಿವಸ ರಾತ್ರಿ 8:15ಕ್ಕ ದಲಾಲಿಯವನು "ನಿಮ್ಮ ಬಾಕಿ ಐತಿ, ಹೋಳಿ ಹುಣ್ಣಿಮಿಗೆ ಕೊಡ್ತೀವಿ" ಅಂತ ಮೆಸೇಜು ಹಾಕ್ಯಾನ. ದಾವೆ ನಿಂತಿರೋದ ಈ ಒಂದು ಸಾಲಿನ ಮ್ಯಾಲ. ವಾಟ್ಸಾಪ್ ಇದ್ದಿದ್ರ ಎಲ್ಲಾರಿಗೂ ಗೊತ್ತಿರೋ ಹಾದಿ, ಇದು ಫೋನಿನ ಮಾಮೂಲಿ ಮೆಸೇಜ್ ಆ್ಯಪಿನಾಗ ಬಂದಿದ್ದು, ಅಲ್ಲೇ ಗೋಳು ಶುರು.

ಏನೂ ಮುಟ್ಟೂಕಿಂತ ಮೊದಲ

ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ಹಾಕಿದ ಮ್ಯಾಲ ವೈಫೈ ಬ್ಲೂಟೂತ್ ಬ್ಯಾರೆ ನೋಡಿ ಬಂದ್ ಮಾಡ್ರಿ, ಭಾಳ ಫೋನ್‌ನಾಗ ಏರೋಪ್ಲೇನ್ ಮೋಡ್ ಹಾಕಿದ್ರೂ ವೈಫೈ ಹಂಗ ನಡೀತಿರ್ತೈತಿ. ಆರ್‌ಸಿಎಸ್‌ಗೆ ಟವರ್ ಬೇಕಂತಿಲ್ಲ, ವೈಫೈ ಸಾಕು. ಆ ಕಡೆಯವನು ಕಳಿಸಿದ ಮೆಸೇಜ್ ವಾಪಸ್ ತಗೊಂಡ್ರ ಆ ಸುದ್ದಿ ಬರೋದು ಡೇಟಾ ಮ್ಯಾಲ, ಅದಕ್ಕ ಇಷ್ಟು ಕಾಳಜಿ.

ಸಿಮ್ ತಗದು ಬ್ಯಾರೆ ಫೋನಿಗೆ ಹಾಕಬ್ಯಾಡ್ರಿ. ಆರ್‌ಸಿಎಸ್ ನೋಂದಣಿ ಇರೋದು ನಂಬರ್ ಮ್ಯಾಲ, ಅಲ್ಲಿ ಆ್ಯಪ್ ಚಾಲೂ ಆದ್ರ ನೋಂದಣಿ ಅಲ್ಲಿಗೆ ಹೋಗ್ತೈತಿ. ಮತ್ತ ಡಿಫಾಲ್ಟ್ ಎಸ್ಎಂಎಸ್ ಆ್ಯಪ್ ಬದಲಿ ಮಾಡಬ್ಯಾಡ್ರಿ. ಕೆಲವು ಟೂಲ್ ಫೋನಿಗೆ ತಮ್ಮ ಒಂದು ಸಣ್ಣ ಆ್ಯಪ್ ಹಾಕಿ "ಡಿಫಾಲ್ಟ್ ಮಾಡ್ಲಾ?" ಅಂತ ಕೇಳ್ತಾವ, ಅಲ್ಲಿ ಹೌದು ಒತ್ತೂಕಿಂತ ಮೊದಲ ಇದ್ದ ಸ್ಥಿತಿ ಇನ್ನೊಂದು ಕ್ಯಾಮರಾಲೆ ಸ್ಕ್ರೀನ್ ಮ್ಯಾಲಿಂದ ವಿಡಿಯೋ ಮಾಡಿ ಇಟ್ಕೊಳ್ರಿ. ಐಫೋನ್ ಇದ್ರ ಸೆಟಿಂಗ್ಸ್‌ನಾಗ ಮೆಸೇಜ್ ಎಷ್ಟು ದಿವಸ ಇಡಬೇಕು ಅನ್ನೋದು ನೋಡ್ರಿ, 30 ದಿವಸ ಅಂತಿದ್ರ ಹಳೇವು ತಾನ ಹೋಗ್ತಿರ್ತಾವ, ಅದಕ್ಕ ಯಾರನ್ನೂ ಬೈಯೂ ಹಂಗಿಲ್ಲ.

ದಾರಿ ಗುರ್ತು ಹಿಡಿಯೂದು

ಗೂಗಲ್ ಮೆಸೇಜಸ್ ಇದ್ರ ಆ ಮೆಸೇಜ್ ಮ್ಯಾಲ ಬಟ್ಟು ಒತ್ತಿ ಹಿಡೀರಿ, ವಿವರ ತೋರ್ಸೂ ಆಯ್ಕೆ ಬರ್ತೈತಿ, ಅದು ಯಾವ ನಮೂನಿ ಮೆಸೇಜು ಅಂತ ಅಲ್ಲೇ ಬರದಿರ್ತೈತಿ. ಬೀಗದ ಗುರ್ತು ಇದ್ರ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿ, ಅಂದ್ರ ಕಳಿಸಿದವ ತಗೊಂಡವ ಬಿಟ್ಟು ಯಾರಿಗೂ ಓದಾಕ ಬರದಂಗ ಹೋಗೈತಿ ಅಂತ. ಐಫೋನ್‌ನಾಗ ನೀಲಿ ಬಣ್ಣ ಐಮೆಸೇಜು (ಆಪಲ್‌ನ ಸ್ವಂತ ಮೆಸೇಜ್ ಸೇವೆ), ಹಸಿರು ಎಸ್ಎಂಎಸ್ ಅಂತ ಹಳೇ ಲೆಕ್ಕ ಇತ್ತಲ್ಲ, ಅದು ಈಗ ಸಾಲಂಗಿಲ್ಲ. 2024ರ ಸೆಪ್ಟೆಂಬರ್‌ನಾಗ ಐಒಎಸ್ 18 ಬಂದಾಗಿಂದ ಆರ್‌ಸಿಎಸ್ ಕೂಡ ಹಸಿರ. ಅದ್ರ ಡೇಟಾಬೇಸ್‌ನಾಗ ಸರ್ವಿಸ್ ಅನ್ನೋ ಕಾಲಮ್ ಇರ್ತೈತಿ, ಐಮೆಸೇಜ್, ಎಸ್ಎಂಎಸ್, ಆರ್‌ಸಿಎಸ್ ಅಂತ ಪ್ರತಿ ಸಾಲಿಗೂ ಬರದಿರ್ತೈತಿ. ಬಣ್ಣ ನೋಡಿ ರಿಪೋರ್ಟ್ ಬರೀಬ್ಯಾಡ್ರಿ, ಕಾಲಮ್ ನೋಡಿ ಬರೀರಿ.

ನಮ್ಮ ರೈತನ ಮೆಸೇಜು ಒತ್ತಿ ಹಿಡದ್ರ ಆರ್‌ಸಿಎಸ್ ಅಂತ ಬಂತು ಅನ್ಕೊಳ್ರಿ. ಅಲ್ಲಿಗೆ ಸಿಡಿಆರ್ ಗಂಟು ಬಿಚ್ಚಿತು. ಆರ್‌ಸಿಎಸ್ ಮೊಬೈಲ್ ಡೇಟಾ ಇಲ್ಲಾ ವೈಫೈ ಮ್ಯಾಲ ಹೋಗ್ತೈತಿ, ಹೆಚ್ಚಾಗಿ ಗೂಗಲ್‌ನ ಜೈಬ್ ಸರ್ವರ್ ಮುಖಾಂತರ, ಹಂಗಾಗಿ ಸಿಡಿಆರ್‌ನಾಗ ಎಸ್ಎಂಎಸ್ ಸಾಲು ಬೀಳಂಗಿಲ್ಲ. ಡೇಟಾ ನಡದದ್ದು ಐಪಿಡಿಆರ್‌ನಾಗ (ಕಂಪನಿ ಇಡೋ ಇಂಟರ್ನೆಟ್ ಬಳಕೆ ದಾಖಲೆ) ಇರಬಹುದು, ಅದೂ ಇಂಥ ಹೊತ್ತಿಗೆ ಇಂಥ ಸರ್ವರ್ ಜೊತಿ ಮಾತಾಡ್ತು ಅಂತಷ್ಟ, ಯಾರಿಗೆ ಏನು ಬರದ ಅಂತಲ್ಲ. ಎರಡೂ ದಾಖಲೆ ಕನಿಷ್ಠ ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರ್‌ನಾಗ ಟೆಲಿಕಾಂ ಇಲಾಖೆ ಲೈಸೆನ್ಸ್ ತಿದ್ದಿತು. ಹಂಗಾಗಿ ದಾವೆ ಹಾಕೂದು ತಡಾ ಆದ್ರೂ ದಾಖಲೆ ತರಿಸೋ ಅರ್ಜಿ ತಡಾ ಮಾಡಬ್ಯಾಡ್ರಿ.

ಆದ್ರ ಸಿಡಿಆರ್‌ನಾಗ ಮೆಸೇಜಿನ ಮಾತು ಯಾವತ್ತೂ ಇರಂಗಿಲ್ಲ, ಎಸ್ಎಂಎಸ್ ಆದ್ರೂ ಅಷ್ಟ. ಕಂಪನಿಗೆ ಬರದು ಮೆಸೇಜಿನ ಒಕ್ಕಣಿ ತರಿಸ್ತೀನಿ ಅಂತ ಕಾಯೂದು ಬಿಡ್ರಿ. ಬೀಗದ ಗುರ್ತಿನ ಆರ್‌ಸಿಎಸ್ ಇದ್ರ ನಡುವಿನ ಸರ್ವರ್‌ನವರಿಗೂ ಅದು ಓದಾಕ ಬರಂಗಿಲ್ಲ. ಗೂಗಲ್ ಇದನ್ನ ತನ್ನ ಆ್ಯಪಿನಾಗ ಇಬ್ಬರ ನಡುವಿನ ಚಾಟಿಗೆ 2021ರಾಗ ತಂತು. 2025ರ ಮಾರ್ಚ್‌ನಾಗ ಮೊಬೈಲ್ ಕಂಪನಿಗಳ ಜಾಗತಿಕ ಸಂಘ ಜಿಎಸ್ಎಂಎ, ಎಂಎಲ್ಎಸ್ ಅನ್ನೋ ಪ್ರೋಟೋಕಾಲ್ ಇಟ್ಕೊಂಡು ಎನ್‌ಕ್ರಿಪ್ಶನ್ನನ್ನ ಆರ್‌ಸಿಎಸ್ ಸ್ಟ್ಯಾಂಡರ್ಡಿಗೇ ಸೇರಿಸಿತು, ಆಪಲ್ ಕೂಡ ತರ್ತೀನಿ ಅಂದೈತಿ. ಅಂದ್ರ ಇನ್ನ ಮುಂದ ಒಕ್ಕಣಿ ಸಿಗೋದು ಎರಡ ಕಡೆ, ಕಳಿಸಿದವನ ಕಡೆ, ತಗೊಂಡವನ ಕಡೆ.

ಕಣ್ಣಿಗೆ ಐತಿ, ರಿಪೋರ್ಟ್‌ನಾಗ ಇಲ್ಲ

ಆಂಡ್ರಾಯ್ಡ್‌ನಾಗ ಎರಡು ಡಬ್ಬಿ ಅದಾವ. ಒಂದು ಸಿಸ್ಟಮ್‌ನ ಎಂಎಂಎಸ್‌ಎಸ್‌ಎಂಎಸ್ ಡಿಬಿ, ಎಲ್ಲಾ ಮೆಸೇಜ್ ಆ್ಯಪುಗಳೂ ಬಳಸೋ ಸಾರ್ವಜನಿಕ ಡಬ್ಬಿ. ಇನ್ನೊಂದು ಗೂಗಲ್ ಮೆಸೇಜಸ್ ತನ್ನ ಹತ್ರ ಇಟ್ಕೊಂಡ ಬ್ಯೂಗಲ್ ಡಿಬಿ. ಅಗ್ಗದ ಟೂಲು, ಬ್ಯಾಕಪ್ ಆ್ಯಪು, ಲಾಜಿಕಲ್ ಎಕ್ಸ್‌ಟ್ರಾಕ್ಷನ್ (ಫೋನ್ ತಾನ ಕೊಡೋ ಡೇಟಾ ಅಷ್ಟ ತಗೋಳೂದು) ಅಂತಾರಲ್ಲ ಅದು, ಇವೆಲ್ಲಾ ಮೊದಲ್ನೇ ಡಬ್ಬಿ ಅಷ್ಟ ನೋಡ್ತಾವ. ಆರ್‌ಸಿಎಸ್ ಪೂರ್ತಿ ಇರೋದು ಎರಡನೇದ್ರಾಗ. ಮೊದಲ್ನೇದ್ರಾಗ ಕೆಲವೊಮ್ಮೆ ಎಂಎಂಎಸ್ ವೇಷ ಹಾಕ್ಕೊಂಡು ಅರ್ಧಂಬರ್ಧ ಕುಂತಿರ್ತೈತಿ, ಕೆಲವೊಮ್ಮೆ ಅದೂ ಇರಂಗಿಲ್ಲ. ಹಂಗಾಗಿ ರಿಪೋರ್ಟ್‌ನಾಗ ಎಸ್ಎಂಎಸ್ ಭಾಗದಾಗ ಸಿಗಲಿಲ್ಲ ಅಂತ ಕೈ ಬಿಡಬ್ಯಾಡ್ರಿ, ಎಂಎಂಎಸ್ ಭಾಗ ತಗೀರಿ. ಅಲ್ಲೂ ಇಲ್ಲಾಂದ್ರ ಫುಲ್ ಫೈಲ್ ಸಿಸ್ಟಮ್ ಎಕ್ಸ್‌ಟ್ರಾಕ್ಷನ್ (ಆ್ಯಪುಗಳ ಒಳಗಿನ ಫೈಲ್ ಸಮೇತ ಎಲ್ಲಾ ತಗೋಳೂದು) ಬೇಕು, ಬ್ಯೂಗಲ್ ಡಿಬಿ ಅದರ ಹೊರತು ಸಿಗಂಗಿಲ್ಲ. ಎಲ್ಲಾ ಫೋನಿಗೂ ಅದು ಆಗೂದಿಲ್ಲ, ಆಗೂ ಫೋನಿಗೂ ಪಾಸ್‌ವರ್ಡ್ ಬೇಕಾಗೋದು ಹೆಚ್ಚು. ಕಕ್ಷಿದಾರ ಪಾಸ್‌ವರ್ಡ್ ಚೀಟಿ ಮ್ಯಾಲ ಬರದು ಸಹಿ ಮಾಡಿ ಕೊಡೂದು ಒಳ್ಳೇದು, ಆಮ್ಯಾಲ ನಾ ಕೊಟ್ಟೇ ಇಲ್ಲ ಅನ್ನೂ ತಕರಾರು ಬರಂಗಿಲ್ಲ.

ಬ್ಯೂಗಲ್ ಡಿಬಿ ಕೈಗೆ ಬಂದ ಮ್ಯಾಲೂ ಮೆಸೇಜ್ ಕಾಣಲಿಲ್ಲ ಅಂದ್ರ? ಇದು ಸೊಲ್ಪ ನಿಂತು ನೋಡಬೇಕಾದ ಜಾಗ, ಯಾಕಂದ್ರ ಇಲ್ಲಿ ದೋಷ ಫೋನಿಂದಲ್ಲ, ನಕಲು ತಗದವರದು. ಈ ಡೇಟಾಬೇಸು ಎಸ್‌ಕ್ಯೂಲೈಟ್ ಅನ್ನೋ ನಮೂನಿದು. ಹೊಸ ಮೆಸೇಜು ಬಂದ ಕೂಡಲೇ ಮೇನ್ ಫೈಲಿಗೆ ಹೋಗಂಗಿಲ್ಲ, ಪಕ್ಕದಾಗ ಅದ ಹೆಸರಿನ ಕಡೀಕ ವಾಲ್ ಅಂತ ಇರೋ ಇನ್ನೊಂದು ಫೈಲಿಗೆ ಹೋಗಿ ಕುಂದರ್ತೈತಿ, ಅಂಗಡಿಯವ್ರು ದಿನದ ವ್ಯವಹಾರ ಮೊದಲ ಕಚ್ಚಾ ವಹಿಗೆ ಬರದು ಆಮ್ಯಾಲ ಖಾತೆ ಕಿರ್ದಿಗೆ ಏರಸ್ತಾರಲ್ಲ ಹಂಗ. ನೀವು ಮೇನ್ ಫೈಲ್ ಅಷ್ಟ ಕಾಪಿ ಮಾಡ್ಕೊಂಡು ಬಂದ್ರ ಈಚಿನ ಮೆಸೇಜು ಎಲ್ಲಾ ವಾಲ್‌ನಾಗ ಉಳೀತಾವ. ಅದಕ್ಕ ಡಿಬಿ, ವಾಲ್, ಅವುಗಳ ಜೊತಿ ಇರೋ ಎಸ್‌ಎಚ್‌ಎಂ ಫೈಲು, ಮೂರೂ ಕೂಡೇ ತಗೋಬೇಕು. ಇನ್ನೊಂದು, ಮೂರೂ ತಗೊಂಡು ಬಂದು ಸಾದಾ ವ್ಯೂವರ್‌ನಾಗ ಒರಿಜಿನಲ್ ಫೈಲ್ ಡಬಲ್ ಕ್ಲಿಕ್ ಮಾಡಿ ತಗದ್ರ ವಾಲ್‌ನಾಗಿನದು ಮೇನ್ ಫೈಲಿಗೆ ಏರಿಬಿಡಬಹುದು, ಫೈಲ್ ಬದಲಾತು, ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕೋ, ಬೆರಳಚ್ಚಿನಂಥ ಗುರ್ತು) ಬದಲಾತು, ಮುಂದ ಕೋರ್ಟ್‌ನಾಗ ಆ ಹ್ಯಾಶ್ ತಾಳೆ ಆಗಂಗಿಲ್ಲ. ವಾಲ್‌ನಾಗ ಹಳೇ ಸಾಲುಗಳ ಕುರುಹು ಇದ್ರ ಅವೂ ಹೋಗಿಬಿಡ್ತಾವ. ಮೊದಲ ಹ್ಯಾಶ್ ತಗೀರಿ, ಆಮ್ಯಾಲ ನಕಲು ಮಾಡ್ರಿ, ನಕಲಿನ ಮ್ಯಾಲ ಕೆಲಸ ಮಾಡ್ರಿ.

ಟೂಲ್ ಹಳೇದಿದ್ರೂ ಇದ ಲಕ್ಷಣ ಬರ್ತೈತಿ. ಆ್ಯಪಿನವರು ಟೇಬಲ್ ಹೆಸರು, ರಚನೆ ಬದಲಿ ಮಾಡ್ತಿರ್ತಾರ, ಟೂಲ್ ಹಳೇ ಹೆಸರು ಹುಡುಕಿ ಸಿಗಲಿಲ್ಲಾಂದ್ರ ಸುಮ್ಮ ಖಾಲಿ ತೋರಸ್ತೈತಿ, ಎರರ್ ಕೂಡ ಹೇಳಂಗಿಲ್ಲ. ವಾಟ್ಸಾಪ್ ತನ್ನ ಹಳೇ ಮೆಸೇಜಸ್ ಟೇಬಲ್ ಬಿಟ್ಟು ಮೆಸೇಜ್ ಅನ್ನೋ ಹೊಸ ಟೇಬಲ್ಲಿಗೆ ಹೋದಾಗ ಹಳೇ ಟೂಲುಗಳ ಗತಿ ಇದ ಆಗಿತ್ತು. ಖಾಲಿ ಬಂದ್ರ ನಕಲು ಫೈಲ್ ಕೈಲೆ ತಗದು ಆ ದಿವಸದ ಒಂದು ಸಾಲು ಹುಡುಕಿ ನೋಡ್ರಿ.

ತಾರೀಖು ತಪ್ಪಿದ್ರ

ಸಂಕ್ರಮಣದ ರಾತ್ರಿ 8:15 ಅಂದ್ರ ಕಂಪ್ಯೂಟರ್ ಲೆಕ್ಕದಾಗ 1736865900 ಸೆಕೆಂಡು, 1970ರ ಜನವರಿ 1ರಿಂದ. ಆಂಡ್ರಾಯ್ಡ್‌ನ ಸಾರ್ವಜನಿಕ ಡಬ್ಬಿಯೊಳಗ ಎಸ್ಎಂಎಸ್ ಟೇಬಲ್ ಮಿಲಿಸೆಕೆಂಡ್‌ನಾಗ ಬರಿತೈತಿ, ಅಂದ್ರ 13 ಅಂಕಿ. ಎಂಎಂಎಸ್ ಇರೋ ಪಿಡಿಯು ಟೇಬಲ್ ಸೆಕೆಂಡ್‌ನಾಗ ಬರಿತೈತಿ, 10 ಅಂಕಿ. ಎರಡೂ ಒಂದ ಫೈಲಿನಾಗ, ನೋಡ್ರಿ ಇವರ ಕೆಲಸ. ಆರ್‌ಸಿಎಸ್ ಎಂಎಂಎಸ್ ವೇಷದಾಗ ಇದ್ದು, ನಿಮ್ಮ ಎಕ್ಸೆಲ್ ಸೂತ್ರ ಎಲ್ಲಾನೂ ಮಿಲಿಸೆಕೆಂಡ್ ಅಂತ ತಿಳ್ಕೊಂಡ್ರ ಅದ ಸಂಕ್ರಮಣದ ಮೆಸೇಜು 1970ರ ಜನವರಿ 21, ಮುಂಜಾನಿ 7:57 ಅಂತ ಬರ್ತೈತಿ. ತಾರೀಖಿನ ಪ್ರಕಾರ ಸಾರ್ಟ್ ಮಾಡಿದವರಿಗೆ ಅದು ಪಟ್ಟಿಯ ಒಂದು ತುದಿಗೆ ಹೋಗಿರ್ತೈತಿ, 2025ರ ಫಿಲ್ಟರ್ ಹಾಕಿದವರಿಗೆ ಕಾಣ್ಸಂಗೇ ಇಲ್ಲ, ಆಗ ಮೆಸೇಜ್ ಇಲ್ಲ ಅಂತ ಬರೀತಾರ.

ಐಫೋನ್‌ನಾಗ ಲೆಕ್ಕ ಶುರು ಆಗೋದ 2001ರ ಜನವರಿ 1ರಿಂದ, ಐಒಎಸ್ 11ರಿಂದ ಈಚೆ ನ್ಯಾನೋಸೆಕೆಂಡ್‌ನಾಗ. ಸೊನ್ನಿ ಕಡಿಮಿ ಮಾಡಿ ಸೆಕೆಂಡಿಗೆ ತಂದ್ರೂ 2001 ಅನ್ನೋದು ಮರತ್ರ ಉತ್ತರ 31 ವರ್ಷ ಹಿಂದ ಹೋಗ್ತೈತಿ, 2025ರ ಸಂಕ್ರಮಣ 1994ರ ಸಂಕ್ರಮಣ ಆಗ್ತೈತಿ. ಮೆಸೇಜು ಬರೋಬ್ಬರಿ 31 ವರ್ಷ ಹಳೇದು ಅಂತ ಬಂತು ಅಂದ್ರ ಕಾರಣ ಬ್ಯಾರೆ ಹುಡುಕಬ್ಯಾಡ್ರಿ.

ಇವೆರಡೂ ದೊಡ್ಡ ತಪ್ಪು, ಯಾರಿಗರ ಕಣ್ಣಿಗೆ ಬೀಳ್ತಾವ. ಕೇಸು ಕೆಡ್ಸೋದು ಸಣ್ಣದು. ಡೇಟಾಬೇಸ್‌ನಾಗ ಇರೋದು ಯುಟಿಸಿ (ಜಾಗತಿಕ ವೇಳೆ), ನಮ್ಮ ವೇಳೆ ಅದಕ್ಕ ಐದೂವರೆ ತಾಸು ಮುಂದ. ರಾತ್ರಿ 1:10ಕ್ಕ ಬಂದ ಮೆಸೇಜು ಯುಟಿಸಿ ರಿಪೋರ್ಟ್‌ನಾಗ ಹಿಂದಿನ ದಿವಸ ಸಂಜಿ 7:40 ಅಂತ ಬರ್ತೈತಿ. ದೂರಿನಾಗ ಒಂದು ತಾರೀಖು, ರಿಪೋರ್ಟ್‌ನಾಗ ಇನ್ನೊಂದು, ಎದುರಿನವ್ರಿಗೆ ಅಷ್ಟ ಸಾಕು. ಮತ್ತ ಎಸ್ಎಂಎಸ್‌ಗೆ ಎರಡು ಹೊತ್ತು ಇರ್ತಾವ, ಕಳಿಸಿದ್ದು ಒಂದು, ಈ ಫೋನಿಗೆ ಮುಟ್ಟಿದ್ದು ಒಂದು. ಫೋನ್ ಸ್ವಿಚ್ ಆಫ್ ಇದ್ರ ಎರಡರ ನಡುವ ತಾಸುಗಟ್ಟಲೆ ಅಂತರ ಬರ್ತೈತಿ. ರಿಪೋರ್ಟ್‌ನಾಗ ಯಾವುದು ಹಾಕೀರಿ, ಯಾವ ವೇಳೆ ಪ್ರಕಾರ ಹಾಕೀರಿ ಅಂತ ಕಾಲಮ್ ತಲಿ ಮ್ಯಾಲ ಬರೀರಿ.

ಎಣಿಕೆ ತಾಳೆ ಆಗಲಿಲ್ಲಾಂದ್ರ

ಕನ್ನಡದಾಗ ಬರದ ಎಸ್ಎಂಎಸ್ ಇದ್ರ ಇದು ಬಂದ ಬರ್ತೈತಿ. ಇಂಗ್ಲಿಷ್‌ನಾಗ ಒಂದು ಎಸ್ಎಂಎಸ್‌ಗೆ 160 ಅಕ್ಷರ, ಕನ್ನಡದಾಗ 70, ಉದ್ದ ಆಗಿ ತುಂಡಾದ್ರ ತುಂಡಿಗೆ 67. ಅದೂ ನಾವು ಎಣಿಸೋ ಅಕ್ಷರ ಅಲ್ಲ, "ಕೊಟ್ಟೀನಿ" ಅಂದ್ರ ನಮ್ಮ ಕಣ್ಣಿಗೆ ಮೂರ ಅಕ್ಷರ, ಯಂತ್ರದ ಲೆಕ್ಕದಾಗ ಒತ್ತು, ಗುಣಿತ ಎಲ್ಲಾ ಸೇರಿ ಎಂಟು. ಹಂಗಾಗಿ ಯಂತ್ರದ ಲೆಕ್ಕಕ್ಕ 150 ಆಗೋ ಒಂದು ಕನ್ನಡ ಮೆಸೇಜು ಮೂರು ತುಂಡಾಗಿ ಹೋಗ್ತೈತಿ, ಫೋನ್‌ನಾಗ ಒಂದಾಗಿ ಕಾಣ್ತೈತಿ, ಸಿಡಿಆರ್‌ನಾಗ ಮೂರು ಸಾಲು ಬೀಳಬಹುದು. ಉಳಿದ ಎರಡು ಮೆಸೇಜ್ ಎಲ್ಲಿ ಮುಚ್ಚಿಟ್ಟೀರಿ ಅಂತ ಕೇಳಿದ್ರ ಗಾಬರಿ ಆಗಬ್ಯಾಡ್ರಿ, ಅದ ಮೆಸೇಜಿನ ಅಕ್ಷರ ಎಣಿಸಿ ತೋರಸ್ರಿ.

ಇನ್ನೊಂದು ಕಾರಣ, ಆರ್‌ಸಿಎಸ್ ಕಳಿಸಿದಾಗ ಆ ಕಡೆ ನೆಟ್ ಇಲ್ಲಾಂದ್ರ ಆ್ಯಪು ಅದನ್ನ ಎಸ್ಎಂಎಸ್ ಆಗಿ ಮತ್ತೊಮ್ಮೆ ಕಳಿಸಬಹುದು, ಆ ಕಡೆಯವನ ಫೋನ್‌ನಾಗ ಕೆಲವೊಮ್ಮೆ ಎರಡೂ ಬಂದು ಕುಂದರ್ತಾವ, ಹೊತ್ತು ಬ್ಯಾರೆ ಬ್ಯಾರೆ. ಹೆಬ್ಬಟ್ಟು, ಹಾರ್ಟು ಒತ್ತಿದ್ದೂ ಹಂಗ, ಆರ್‌ಸಿಎಸ್‌ನಾಗ ಅದು ಮೆಸೇಜಿಗೇ ಅಂಟಿರ್ತೈತಿ, ಎಸ್ಎಂಎಸ್ ದಾರೀಲೆ ಹೋದ್ರ ಬ್ಯಾರೆ ಒಂದು ಮೆಸೇಜಾಗಿ ಎಣಿಕಿಗೆ ಬರ್ತೈತಿ.

ಖರೇನ ತಿದ್ದಿದ್ರ, ಅಳಿಸಿದ್ರ

ಇಷ್ಟೆಲ್ಲಾ ನೋಡಿ ಆದ ಮ್ಯಾಲ ಈ ಅನುಮಾನಕ್ಕ ಬರ್ರಿ. ಐಒಎಸ್ 16ರಿಂದ ಐಮೆಸೇಜ್ ಕಳಿಸಿದ 2 ನಿಮಿಷದೊಳಗ ವಾಪಸ್ ತಗೋಬಹುದು, 15 ನಿಮಿಷದೊಳಗ ಐದು ಸಲ ತಿದ್ದಬಹುದು. ತಿದ್ದಿದ್ರ ಹಳೇ ಒಕ್ಕಣಿ ಡೇಟಾಬೇಸ್‌ನಾಗ ಆ ಮೆಸೇಜಿನ ಸಾಲಿನ ಜೊತೀನ ಒಂದು ಗಂಟಿನಾಗ ಉಳದಿರ್ತೈತಿ, ಸಾದಾ ಟೂಲ್ ಅದನ್ನ ಬಿಚ್ಚಂಗಿಲ್ಲ, ಕಡೀ ಒಕ್ಕಣಿ ಒಂದ ತೋರಸ್ತೈತಿ. ತಿದ್ದಿದ ಹೊತ್ತಿನ ಕಾಲಮ್ ಖಾಲಿ ಐತೋ ಇಲ್ಲೋ ನೋಡ್ರಿ, ತುಂಬಿದ್ರ ಗಂಟು ಬಿಚ್ಚಿಸ್ರಿ. ಅಳಿಸಿದ್ದಾದ್ರ ರೀಸೆಂಟ್ಲಿ ಡಿಲೀಟೆಡ್ ಅನ್ನೋ ಜಾಗದಾಗ 30 ದಿವಸ ಇರ್ತಾವ, ಪೂರಾ ಹೋಗಾಕ 40 ದಿವಸದ ತನಕ ಹಿಡೀಬಹುದು. ಆಂಡ್ರಾಯ್ಡ್‌ನಾಗ ಅಂಥ ಬುಟ್ಟಿ ನಂಬ್ಕೊಂಡು ಕುಂದರಬ್ಯಾಡ್ರಿ, ಡೇಟಾಬೇಸಿನ ಖಾಲಿ ಪುಟ ಮತ್ತ ವಾಲ್ ಇವೆರಡರಾಗ ಸಿಕ್ರ ಸಿಕ್ತು. ಹೊಸ ಫೋನ್‌ನಾಗ ಡಿಸ್ಕ್ ಮ್ಯಾಲಿನ ಎನ್‌ಕ್ರಿಪ್ಶನ್‌ನಿಂದ ಹಳೇ ಕಾಲದಂಗ ಮೆಮೊರಿ ಪೂರ್ತಿ ಕೆದರಿ ತಗೀತೀನಿ ಅನ್ನೋರ ಮಾತಿಗೆ ರೊಕ್ಕ ಕೊಡಬ್ಯಾಡ್ರಿ.

ಅರ್ಜಿ ಬರಿಯೂ ಮುಂದ

ಒಕ್ಕಣಿ ಇಬ್ಬರ ಹತ್ರ ಅಷ್ಟ ಇರೋದು ಅಂದ ಮ್ಯಾಲ ದಲಾಲಿ ಅಂಗಡಿಯವನ ಫೋನ್ ಬೇಕ ಬೇಕು. ಸಿವಿಲ್ ದಾವೆಯಾಗ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 11, ನಿಯಮ 12 ಮತ್ತು 14ರ ಕೆಳಗ ಐಎ (ಮಧ್ಯಂತರ ಅರ್ಜಿ) ಹಾಕ್ತಾರ, ಇದು ವಕೀಲ್ರಿಗೆ ನಾ ಹೇಳೂದಲ್ಲ. ನಾ ಹೇಳೂದು ಅದ್ರಾಗಿನ ಒಂದು ಶಬ್ದ. "ವಾದಿಗೆ ಕಳಿಸಿದ ಎಲ್ಲಾ ಎಸ್ಎಂಎಸ್ ಪ್ರತಿ ಹಾಜರುಪಡಿಸಬೇಕು" ಅಂತ ಬರದ್ರ ಅವನು "ನನ್ನ ಹತ್ರ ಅಂಥಾ ಎಸ್ಎಂಎಸ್ ಯಾವುದೂ ಇಲ್ಲ" ಅಂತ ಪ್ರಮಾಣ ಮಾಡಿ ಹೇಳಬಹುದು, ಸುಳ್ಳೂ ಆಗಂಗಿಲ್ಲ, ಅದು ಆರ್‌ಸಿಎಸ್ ಇತ್ತು. ಎಸ್ಎಂಎಸ್, ಎಂಎಂಎಸ್, ಆರ್‌ಸಿಎಸ್, ಐಮೆಸೇಜ್, ವಾಟ್ಸಾಪ್ ಸೇರಿ ಈ ನಂಬರುಗಳ ನಡುವ ಯಾವ ದಾರೀಲೆ ಹೋದ ಸಂದೇಶ ಆದ್ರೂ, ತಿದ್ದಿದ್ದು ಅಳಿಸಿದ್ದರ ವಿವರ ಸಮೇತ, ಬ್ಯಾಕಪ್ ಮತ್ತ ಜೋಡಿಸಿದ ಕಂಪ್ಯೂಟರ್, ಟ್ಯಾಬ್ ಸಮೇತ ಅಂತ ಬರಸ್ರಿ. ಅಂಗಡಿ ಗುಮಾಸ್ತನ ಕಂಪ್ಯೂಟರಿನ ಬ್ರೌಸರ್‌ಗೆ ಗೂಗಲ್ ಮೆಸೇಜಸ್ ಜೋಡಿಸಿರ್ತಾರ, ಅದು ಯಾರ ನೆನಪಿಗೂ ಬರಂಗಿಲ್ಲ. ಲೀಗಲ್ ನೋಟಿಸ್ ಕೊಡೂ ಹೊತ್ತಿನಾಗ ಫೋನ್ ಬದಲಿ ಮಾಡಬ್ಯಾಡ್ರಿ, ತಾನ ಅಳಿಸೋ ಸೆಟಿಂಗ್ ಬಂದ್ ಮಾಡ್ರಿ ಅಂತ ಒಂದು ಸಾಲು ಸೇರಿಸಿದ್ರ ಮುಂದ ಫೋನ್ ಕಳೀತು ಅನ್ನೋ ಕಥಿಗೆ ಬಲ ಕಡಿಮಿ.

ಇನ್ನ ಸರ್ಟಿಫಿಕೇಟು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63, ಅದಕ್ಕ ಮೊದಲ ಬಾಕಿ ಇದ್ದ ದಾವೆಗೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ. ಸರ್ಟಿಫಿಕೇಟ್ ಇಲ್ಲದ ನಕಲು ನಡಿಯಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಾಗ ಹೇಳೈತಿ, ಒರಿಜಿನಲ್ ಫೋನನ್ನ ಅದರ ಮಾಲಕನ ತಂದು ಸಾಕ್ಷಿ ಹೇಳಿ ಹಾಜರುಪಡಿಸಿದ್ರ ಮಾತು ಬ್ಯಾರೆ. ಹೊಸ ನಮೂನೆಯಾಗ ಎರಡು ಭಾಗ, ಎ ಭಾಗ ದಾಖಲೆ ಹಾಜರುಪಡಿಸೋ ಪಾರ್ಟಿದು, ಬಿ ಭಾಗ ತಜ್ಞರದು, ಹ್ಯಾಶ್ ಮೌಲ್ಯ ಎರಡರಾಗೂ ಬರೀಬೇಕು, ಯಾವ ಅಲ್ಗಾರಿದಮ್ ಅಂತಾನೂ. ಎಸ್‌ಎಚ್‌ಎ 256 ಹಾಕ್ರಿ. ಎ ಭಾಗದಾಗಿನ ಹ್ಯಾಶ್ ಒಂದು, ಬಿ ಭಾಗದಾಗಿನದು ಒಂದು ಬಂತಂದ್ರ ಮ್ಯಾಲೆ ಹೇಳಿದ ವಾಲ್ ಸಂಗತಿ ನೋಡ್ರಿ, ಯಾರೋ ನಡುವ ಫೈಲ್ ತಗದು ನೋಡ್ಯಾರ.

ರಿಪೋರ್ಟ್ ಬರಿಯೋರು "ಸದರಿ ಮೆಸೇಜು ಫೋನಿನಲ್ಲಿ ಇರುವುದಿಲ್ಲ" ಅಂತ ಬರಿಯೂದು ಬಿಡ್ರಿ. ಯಾವ ಟೂಲು, ಯಾವ ವರ್ಶನ್ನು, ಲಾಜಿಕಲ್ಲೋ ಫುಲ್ ಫೈಲ್ ಸಿಸ್ಟಮ್ಮೋ, ಬ್ಯೂಗಲ್ ಡಿಬಿ ಸಿಕ್ಕಿತ್ತೋ ಇಲ್ಲೋ, ವಾಲ್ ಜೊತಿಗೆ ಇತ್ತೋ ಇಲ್ಲೋ, ಇಷ್ಟು ಬರದು "ಈ ವಿಧಾನದಲ್ಲಿ ಕಂಡುಬಂದಿಲ್ಲ" ಅಂತ ಬರೀರಿ. ಮುಂದ ಇನ್ನೊಬ್ರು ಆ ಫೋನ್ ಮತ್ತ ತಗದು ನೋಡೂ ಹೊತ್ತಿಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ಅವರಿಗೆ ಅದ ಸಾಲಿನಿಂದ ಗೊತ್ತಾಗ್ತೈತಿ.